ಖಾಕಿ ಕವರಿನ ಆರು ಪುಸ್ತಕಗಳು

ಜೂನ್ ಬಂತೆಂದರೆ ನಮ್ಮ ಮನೆಯಲ್ಲಿ ಖಾಕಿ ಕಾಗದದ ವಾಸನೆ. ಅಣ್ಣನ ಮಗಳ ಶಾಲೆಯ ಪುಸ್ತಕಗಳಿಗೆ ಕವರ್ ಹಾಕುವ ಕೆಲಸ ಪ್ರತಿವರ್ಷ ನನ್ನ ಪಾಲಿಗೆ ಬರುತ್ತದೆ. ಈ ಸಲ ಗಣಿತದ ಪುಸ್ತಕದ ಮೂಲೆ ಮಡಚುತ್ತಿದ್ದಾಗ ಹುಡುಗಿ, ಅಂಟು ಹಚ್ಚದೆ ಇಷ್ಟು ಬಿಗಿಯಾಗಿ ಕವರ್ ಹಾಕುವುದನ್ನು ಯಾರು ಕಲಿಸಿದರು ಎಂದು ಕೇಳಿದಳು. ಮರೆತುಹೋಗಿದೆ ಎಂದೆ. ಸುಳ್ಳು. ಆ ಸುಳ್ಳಿನ ಸಿಟ್ಟನ್ನು ಸಂಜೆಯವರೆಗೆ ಕುಕ್ಕರಿನ ಮೇಲೆ, ಹಾಲಿನವನ ಮೇಲೆ, ಕೊನೆಗೆ ಆ ಹುಡುಗಿಯ ಮೇಲೆಯೇ ತೀರಿಸಿಕೊಂಡೆ.

ಕಲಿಸಿದವರು ಮ್ಯಾಲಿನ ಮನಿ ಅಕ್ಕಾರು. ತೊಂಬತ್ತರ ದಶಕದ ಕೊನೆಯಲ್ಲಿ ಧಾರವಾಡದ ಹತ್ತಿರ ನವನಗರದ ನಮ್ಮ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ಮೂರು ವರ್ಷ ಬಾಡಿಗೆಗೆ ಇದ್ದರು. ಇರಾನಿನವರು, ಕಾದಂಬರಿ ಬರೆಯುವವರು. ಎರಡು ಕಾದಂಬರಿ ಅಚ್ಚಾಗಿದ್ದವು, ಎರಡೂ ಅವರ ದೇಶದ ಹೊರಗೆ. ದೇಶದೊಳಗೆ ಅವನ್ನು ಮನೆಯಲ್ಲಿ ಇಟ್ಟುಕೊಂಡವರಿಗೂ ತೊಂದರೆಯಂತೆ. ಧಾರವಾಡದಲ್ಲಿ ಸಾಹಿತ್ಯ ಓದಲು ಬಂದಿದ್ದಾರೆ ಎಂದು ವೀಸಾದ ಕಾಗದ ಹೇಳುತ್ತಿತ್ತು. ಮೂರನೆಯ ಕಾದಂಬರಿ ಬರೆಯುವುದೇ ಅವರ ನಿಜವಾದ ಕೆಲಸವಾಗಿತ್ತು. ನಮ್ಮ ಕಡೆ ಶಾಲೆಯ ಮೇಡಂಗಳಿಗೆ ಅಕ್ಕಾರು ಅನ್ನುತ್ತೇವೆ. ಅವರ ದಪ್ಪ ಕನ್ನಡಕ ನೋಡಿ ಅವ್ವ ಆ ಹೆಸರು ಇಟ್ಟಿದ್ದಳು. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಂದು ಸಲ ಅದು ಊರೆಲ್ಲ ಹರಡಿದ್ದು ಸಾಕು.

ಅವರು ಕನ್ನಡ ಕಲಿತದ್ದು ಅವ್ವನ ಅಡುಗೆಮನೆಯಲ್ಲಿ ಮತ್ತು ಕಾಯಿಪಲ್ಲೆಯ ಗಾಡಿಯ ಮುಂದೆ. ಎಲ್ಲರಿಗೂ ರಿ ಹಚ್ಚಿ ಮಾತಾಡಬೇಕೆಂದು ಅವ್ವ ಹೇಳಿದ್ದನ್ನು ಎಷ್ಟು ಮನಸ್ಸಿಗೆ ತೆಗೆದುಕೊಂಡಿದ್ದರೆಂದರೆ, ನಮ್ಮ ಬೆಕ್ಕಿಗೂ "ಬರ್ರಿ, ಹಾಲು ಕುಡೀರಿ" ಅನ್ನುತ್ತಿದ್ದರು. ನಾವು ನಕ್ಕರೆ ಅವರೂ ನಗುತ್ತಿದ್ದರು. ಆದರೆ ಪುಸ್ತಕದ ಮಾತಿಗೆ ಆ ಕನ್ನಡ ಸಾಲುತ್ತಿರಲಿಲ್ಲ. ಆಗ ಇಂಗ್ಲಿಷಿಗೆ ಹೊರಳುತ್ತಿದ್ದರು, ನಿಧಾನವಾಗಿ, ಒಂದೊಂದು ಮಾತನ್ನೂ ಅಕ್ಕಿಯ ಹಾಗೆ ಆರಿಸಿ.

ಅವರ ಕಪಾಟಿನಲ್ಲಿ ನಲವತ್ತು, ಐವತ್ತು ಪುಸ್ತಕಗಳಿದ್ದವು... ಎಲ್ಲಕ್ಕೂ ಖಾಕಿ ಕವರ್. ಹೆಸರಿಲ್ಲ, ಬರೆದವರು ಯಾರೆಂದಿಲ್ಲ. ಎಲ್ಲವೂ ಈಗ ಬದುಕಿರುವವರು ಬರೆದ, ಇಂಗ್ಲಿಷಿನಲ್ಲಿದ್ದ ಕಾದಂಬರಿಗಳು, ಬೇರೆ ಬೇರೆ ದೇಶಗಳಲ್ಲಿ ಚದುರಿಹೋದ ಗೆಳತಿಯರು ಅಂಚೆಯಲ್ಲಿ ಕಳಿಸಿದವು. ಊರಲ್ಲಿದ್ದಾಗ ಹೆದರಿಕೆಗೆ ಹಾಕುತ್ತಿದ್ದ ಕವರು ಇಲ್ಲಿ ಅವರ ಪದ್ಧತಿಯೇ ಆಗಿಬಿಟ್ಟಿತ್ತು. ದೊಡ್ಡ ಹೆಸರು ನೋಡಿ ತಲೆಬಾಗಬಾರದು, ಗೊತ್ತಿಲ್ಲದ ಹೆಸರು ನೋಡಿ ಮೂಗು ಮುರಿಯಬಾರದು, ಓದಿ ಮುಗಿಸಿ ಆಮೇಲೆ ಬರೆದವರು ಯಾರೆಂದು ಕೇಳಬೇಕು. ಪುಸ್ತಕ ಕೊಡುವಾಗ ಚೆನ್ನಾಗಿದೆ ಎಂದೂ ಹೇಳುತ್ತಿರಲಿಲ್ಲ. ಕೊನೆಯ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ, ಯಾರಿಗೆ ಕೊಡುತ್ತಾರೋ ಅವರಿಗಾಗಿ ಒಂದೆರಡು ಸಾಲು ಬರೆಯುತ್ತಿದ್ದರು. ಅದನ್ನು ಮುಂಚೆ ತೆರೆದು ನೋಡುವಂತಿಲ್ಲ, ಪುಸ್ತಕ ಮುಗಿಸಿದವರಿಗಷ್ಟೇ ಅದು. ನಾನು ಆಗ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಅವರು ಕೊಟ್ಟ ಹತ್ತೊಂಬತ್ತು ಪುಸ್ತಕ ಓದಿದೆ, ಒಂದು ಸಲವೂ ಕೊನೆಯ ಹಾಳೆ ಮೊದಲು ನೋಡಲಿಲ್ಲ.

ಒಮ್ಮೆ ಅವರು ನನ್ನ ಕಡೆಯಿಂದಲೂ ಒಂದು ಪುಸ್ತಕ ಕೇಳಿದರು. ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆಯ ಮೇಲೆ ಬೀಳುತ್ತದೆ ಎಂದು ನಾನು ಎದೆಯುಬ್ಬಿಸಿ ಹೇಳಿಬಿಟ್ಟಿದ್ದೆನಲ್ಲ. "ಛಲೋ ಆತು. ಈ ವರ್ಷ ಬರೆದದ್ದು ಒಂದು ಕೊಡ್ರಿ. ಸತ್ತವರದು ಬ್ಯಾಡ," ಅಂದರು. ನನಗೆ ಒಂದು ಹೆಸರೂ ಹೊಳೆಯಲಿಲ್ಲ. ಫೋಟೊಕ್ಕೆ ಹಾರ ಹಾಕಿಸಿಕೊಂಡವರ ಹೆಸರೆಲ್ಲ ಬಾಯಿಪಾಠ ಇದ್ದವು. ನಮ್ಮ ಪಕ್ಕದ ಓಣಿಯಲ್ಲಿ ಕುಳಿತು ಬರೆಯುತ್ತಿರುವ ಒಬ್ಬ ಹೆಂಗಸಿನ ಹೆಸರು ಗೊತ್ತಿರಲಿಲ್ಲ.

ಇನ್ನೊಂದು ಮಧ್ಯಾಹ್ನ ಮೆಂತೆ ಸೊಪ್ಪು ಬಿಡಿಸುತ್ತ ಕುಳಿತಿದ್ದಾಗ ತಮ್ಮನ ವಿಷಯ ಹೇಳಿದರು. ಅಕ್ಕಾರ ಮೊದಲ ಕಾದಂಬರಿಯ ಪ್ರತಿಗಳು ಅವನ ಕೋಣೆಯಲ್ಲಿ ಸಿಕ್ಕಿದ್ದವಂತೆ. ಅವನನ್ನು ಒಯ್ದರು. ಜೈಲಿನ ಬಾಗಿಲಿಗೆ ವಾರಕ್ಕೊಮ್ಮೆ ಅವರ ತಾಯಿ ಬುತ್ತಿ ಒಯ್ಯುತ್ತಿದ್ದಳು. ಅಕ್ಕಾರು ಒಂದು ದಿನವೂ ಹೋಗಲಿಲ್ಲ, ಹೆದರಿ ದೇಶ ಬಿಟ್ಟರು. ತಾಯಿ ಇನ್ನೂ ಒಯ್ಯುತ್ತಿದ್ದಾಳೆ... ಇಷ್ಟು ಹೇಳಿ ಸೊಪ್ಪಿನ ಬುಟ್ಟಿ ಸರಿಸಿ, "ಇದನ್ನ ನಾ ಎಲ್ಲೂ ಬರದಿಲ್ಲ. ಯಾರ ಮುಂದೂ ಅನ್ನಬ್ಯಾಡ್ರಿ. ಅಲ್ಲಿ ನಮ್ಮವ್ವ ಇದ್ದಾಳ," ಅಂದರು. ನಾನು ಅವರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಆಮೇಲೆ ಧಾರವಾಡದ ಒಂದು ಓದುಗರ ಬಳಗ ಅವರನ್ನು ಭಾಷಣಕ್ಕೆ ಕರೆಯಿತು. ಬಳಗದ ಅಧ್ಯಕ್ಷರು ನಿವೃತ್ತ ಪ್ರಾಧ್ಯಾಪಕರು, ಶಾಲು ಹೊದೆಯದೆ ಮನೆಯ ಹೊರಗೆ ಕಾಲಿಡದವರು. ಇಂದಿನ ಕಾದಂಬರಿಗಳ ಬಗ್ಗೆ ಮಾತಾಡುತ್ತೇನೆ, ನಿಮ್ಮ ಓದುಗರಿಗೆ ಆರು ಪುಸ್ತಕ ಹೇಳುತ್ತೇನೆ, ಆ ಆರನ್ನೂ ಓದಲು ಕೊಟ್ಟುಹೋಗುತ್ತೇನೆ ಎಂದು ಅಕ್ಕಾರು ಮೊದಲೇ ತಿಳಿಸಿದ್ದರು. ಅಧ್ಯಕ್ಷರು ತಲೆಯಾಡಿಸಿ ಒಪ್ಪಿದ್ದರು. ಇಂಗ್ಲಿಷಿನ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಲು ನಾನು. ಎಂಟು ದಿನ ಮೊದಲು ಅಕ್ಕಾರು ನನಗೊಂದು ಪುಸ್ತಕ ಕೊಟ್ಟು, ಸಭೆಯ ದಿನದೊಳಗೆ ಮುಗಿಸಿ ಬರಬೇಕು ಎಂದು ಎರಡು ಸಲ ಹೇಳಿದರು. ಒಂದು ಕೋರ್ಟಿನಲ್ಲಿ ದುಭಾಷಿಯಾಗಿ ಕೆಲಸ ಮಾಡುವ ಹುಡುಗಿಯ ಕಾದಂಬರಿ. ಇಪ್ಪತ್ತು ಪುಟ ಓದಿ ಬದಿಗಿಟ್ಟೆ. ಆ ಎಂಟು ದಿನ ನಾನು ದುರ್ಗದಬೈಲಿನ ಪೇಟೆಯಲ್ಲಿ ಇಳಕಲ್ ಸೀರೆಗೆ ಹೊಂದುವ ಬಳೆ ಹುಡುಕುತ್ತಿದ್ದೆ. ವೇದಿಕೆ ಹತ್ತುವವಳಲ್ಲವೇ ನಾನು!

ಸಭೆಗೆ ಎಂಬತ್ತು ಜನ ಬಂದಿದ್ದರು. ಅಕ್ಕಾರು ಆರೂ ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೊದಲನೆಯದು, ಗುಂಡು ಹಾರುತ್ತಿರುವ ಊರಿನಲ್ಲಿ ಹನ್ನೊಂದು ದಿನ ಮೆಟ್ಟಿಲುಗಳ ಮೇಲೆಯೇ ಬದುಕುವ ನಾಲ್ಕು ಸಂಸಾರಗಳದು. ಎರಡನೆಯದು, ಗಿರಾಕಿಗಳ ಅಳತೆಯ ವಹಿಯಿಂದಲೇ ಊರಿನ ಕಥೆ ಹೇಳುವ ಒಬ್ಬ ದರ್ಜಿ ಹೆಂಗಸಿನದು. ಇಲ್ಲಿಯವರೆಗೆ ನೆಟ್ಟಗೆ ಹೇಳಿದೆ. ಮೂರನೆಯದು ಭೂಗೋಳದ ಮಾಸ್ತರೊಬ್ಬ ಪರದೇಶದಲ್ಲಿ ಟ್ಯಾಕ್ಸಿ ಹೊಡೆಯುವ ನಗೆಯ ಕಾದಂಬರಿ. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಕೆಮ್ಮು ಶುರುವಾಯಿತು, ಕುರ್ಚಿ ಸರಿದ ಸದ್ದಾಯಿತು. ನಾಲ್ಕನೆಯದು ಮಾತು ಬಿಟ್ಟು ಮೂವತ್ತು ವರ್ಷ ಒಂದೇ ಒಲೆಯ ಮೇಲೆ ಅಡುಗೆ ಮಾಡಿದ ಅತ್ತಿಗೆ ನಾದಿನಿಯರದು. ಅದನ್ನು ಅಕ್ಕಾರು ಹೇಳುತ್ತಿರುವಾಗ ಅಧ್ಯಕ್ಷರು ನನ್ನ ಕಡೆ ಬಾಗಿದರು.

"ತಂಗಿ, ಪುಸ್ತಕದ ಪಟ್ಟಿ ಯಾರಿಗೆ ಬೇಕಾಗ್ಯದ? ಅವರು ಅಲ್ಲಿಂದ ಹೆಂಗ ಪಾರಾಗಿ ಬಂದ್ರು, ಅದನ್ನ ಹೇಳಸು. ಜನಾ ಏಳ್ಲಿಕ್ಕೆ ಹತ್ಯಾರ."

ಆ ಮನುಷ್ಯನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ನಮ್ಮವನೇ ಆದ ಒಬ್ಬ ಕವಿಯನ್ನು ಕರೆಸಿದರೆ, ನಿಮ್ಮ ಮನೆಯ ಸಾವಿನ ಕಥೆ ಹೇಳಿರೆಂದು ಅನ್ನುತ್ತಿದ್ದರೇ? ಪರದೇಶದಿಂದ ಬಂದ ಹೆಂಗಸು ಅಳಬೇಕು, ಇವರು ಕಣ್ಣೊರೆಸಿಕೊಂಡು ಮನೆಗೆ ಹೋಗಿ ಜೋಳದ ರೊಟ್ಟಿ ಮುರಿಯಬೇಕು. ಆಕೆಗೆ ಓದು ಇರಬಹುದು, ರುಚಿ ಇರಬಹುದು, ನಮಗೆ ಕಲಿಸುವಂಥದ್ದು ಇರಬಹುದು ಎಂದು ಆ ಎಂಬತ್ತು ಜನರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಆದರೆ ಸಿಟ್ಟಿಗೆ ಪೂರ್ತಿ ಲೆಕ್ಕ ಸಿಗಬೇಕಾದರೆ ನನ್ನ ಹೆಸರೇ ಮೊದಲು ಬರಬೇಕು. ಅಧ್ಯಕ್ಷರು ಕೇಳಿದ್ದಷ್ಟೇ. ಕೊಟ್ಟವಳು ನಾನು.

ಅಕ್ಕಾರು ನಾಲ್ಕನೆಯ ಪುಸ್ತಕದ ಮಾತು ಮುಗಿಸಿ ನನ್ನ ಕಡೆ ನೋಡಿದರು. ನಾನು ಮೈಕಿನ ಮುಂದೆ ನಿಂತು, ಆ ಪುಸ್ತಕದ ಮಾತು ಬಿಟ್ಟು, ಅವರ ತಮ್ಮನ ಕಥೆ ಶುರುಮಾಡಿದೆ. ಅದೂ ದುಭಾಷಿಗಳು ಹೇಳುವ ಹಾಗೆ, ನಾನು, ನನ್ನ ಎಂದೇ. ನನ್ನ ತಮ್ಮನನ್ನು ಒಯ್ದರು. ನನ್ನ ತಾಯಿ ಬುತ್ತಿ ಒಯ್ಯುತ್ತಾಳೆ. ನಾನು ಹೋಗಲಿಲ್ಲ. ಕುರ್ಚಿಗಳ ಸದ್ದು ನಿಂತಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮೌನ ಎಷ್ಟು ರುಚಿಯಾಗಿತ್ತೆಂದರೆ... ನಾನು ಬುತ್ತಿಯ ಗಂಟಿಗೆ ಒಂದು ಬಣ್ಣವನ್ನೂ ಕಟ್ಟಿ ಹೇಳಿದೆ. ಅಕ್ಕಾರು ಹೇಳಿರದ ಬಣ್ಣ.

ಅವರಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ತಮ್ಮ, ಅವ್ವ, ಬುತ್ತಿ, ಎಲ್ಲ ಅಡುಗೆಮನೆಯ ಮಾತುಗಳೇ. ಅವರು ನನ್ನನ್ನು ತಡೆಯಲಿಲ್ಲ. ಚಪ್ಪಾಳೆ ಮುಗಿದ ಮೇಲೆ, ಅದೇ ದನಿಯಲ್ಲಿ, ಐದನೆಯ ಪುಸ್ತಕ ಎತ್ತಿ ಹಿಡಿದು ಮಾತಾಡಿದರು, ಆಮೇಲೆ ಆರನೆಯದು. ಅಷ್ಟರಲ್ಲಿ ಜನ ಎದ್ದಾಗಿತ್ತು, ಫೇಡೆಯ ತಟ್ಟೆಗಳು ಬಂದಾಗಿತ್ತು. ಎಷ್ಟು ಛಂದ ಹೇಳಿದಿ ತಂಗಿ ಎನ್ನುತ್ತ ಹೆಂಗಸರು ನನ್ನನ್ನು ಸುತ್ತುಗಟ್ಟಿದ್ದರು. ಖಾಕಿ ಕವರಿನ ಪುಸ್ತಕಗಳನ್ನು ಯಾರೂ ಮುಟ್ಟಲಿಲ್ಲ. ಬಳಗದ ಕಪಾಟಿನಲ್ಲಿ ಇಡುತ್ತೇವೆಂದು ಅಧ್ಯಕ್ಷರು ಎತ್ತಿಸಿದರು.

ಎರಡು ದಿನಕ್ಕೆ ಊರಿನ ಪತ್ರಿಕೆಯಲ್ಲಿ ಫೋಟೊ, ಹೆಸರು, ತಮ್ಮನ ಕಥೆ, ನಾನು ಕಟ್ಟಿದ ಬಣ್ಣದ ಗಂಟು, ಎಲ್ಲ ಬಂತು. ಪುಸ್ತಕಗಳ ಬಗ್ಗೆ ಒಂದು ಸಾಲಿಲ್ಲ. ಅದನ್ನು ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದು ಎತ್ತಿಕೊಂಡಿತು. ಅವರ ದೇಶದ ಹುಡುಗರು ಅಲ್ಲಿಯೂ ಓದುತ್ತಿದ್ದರು, ಅವರಲ್ಲಿ ಎಲ್ಲರೂ ಗೆಳೆಯರಲ್ಲ. ಹದಿನೈದು ದಿನಕ್ಕೆ ಅಕ್ಕಾರು ಎಸ್‌ಟಿಡಿ ಬೂತಿನಿಂದ ಬಂದು ನಮ್ಮ ಮೆಟ್ಟಿಲ ಮೇಲೆ ಕುಳಿತರು. ಅಲ್ಲಿ ತಾಯಿಯ ಮನೆಗೆ ಯಾರೋ ಬಂದು ವಿಚಾರಿಸಿ ಹೋಗಿದ್ದರಂತೆ. ಇನ್ನು ಮುಂದೆ ಫೋನ್ ಮಾಡಬೇಡ ಎಂದು ತಾಯಿಯೇ ಹೇಳಿದ್ದಳಂತೆ. ಅವ್ವ ನೀರು ತಂದುಕೊಟ್ಟಳು. ನಾನು ಬಾಗಿಲ ಹಿಂದೆ ನಿಂತಿದ್ದೆ.

ತಿಂಗಳೊಳಗೆ ಮನೆ ಬಿಟ್ಟರು. ಎಲ್ಲಿಗೆಂದು ಹೇಳಲಿಲ್ಲ, ನಾವು ಕೇಳುವ ಯೋಗ್ಯತೆ ಉಳಿಸಿಕೊಂಡಿರಲಿಲ್ಲ. ಆಟೊ ಹತ್ತುವ ಮುಂಚೆ ನನ್ನ ಮುಂದೆ ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಆರು ಪುಸ್ತಕ ಹೇಳಿದ್ದೆನಲ್ರಿ," ಅಂದರು. "ಅವನ್ನ ಅವರಿಗೆ ಯಾವಾಗ ಹೇಳ್ತೀರಿ?"

ಅವರು ಹೋದ ಮೇಲೆ ಆ ದುಭಾಷಿಯ ಕಾದಂಬರಿಯನ್ನು ಒಂದೇ ಹಗಲಿನಲ್ಲಿ ಓದಿ ಮುಗಿಸಿದೆ. ಕೋರ್ಟಿನಲ್ಲಿ ಆ ಹುಡುಗಿ ಜನ ಕೇಳಬಯಸಿದ್ದನ್ನೇ ಹೇಳಿ ಒಬ್ಬ ಮುದುಕಿಯನ್ನು ಮುಳುಗಿಸುತ್ತಾಳೆ. ಕೊನೆಯ ಹಾಳೆಯ ಹಿಂದೆ ಪೆನ್ಸಿಲಿನ ಸಾಲುಗಳಿದ್ದವು. ಈ ಹುಡುಗಿ ತಪ್ಪಿದಳು, ನೀವು ತಪ್ಪುವುದಿಲ್ಲ, ನನಗೆ ಗೊತ್ತು ಎಂದು ಬರೆದಿದ್ದರು. ಕೆಳಗೆ ಸಭೆಯ ಹಿಂದಿನ ವಾರದ ತಾರೀಖು ಇತ್ತು.

ಬಳಗದ ಕಪಾಟು ಹುಡುಕಿಕೊಂಡು ಹೋಗಲು ನನಗೆ ಧೈರ್ಯ ಬಂದದ್ದು ಆರು ವರ್ಷದ ಮೇಲೆ. ಅಧ್ಯಕ್ಷರು ತೀರಿಕೊಂಡಿದ್ದರು, ಗೋಡೆಯ ಮೇಲೆ ಅವರ ಫೋಟೊ, ಫೋಟೊಕ್ಕೆ ಹಾರ. ಕಸ ಗುಡಿಸುವ ಕಾಕಾ ನೆನಪು ಮಾಡಿಕೊಂಡು, "ಖಾಕಿ ಕವರಿನವು ಏನ್ರಿ? ಸಾಲಿ ಹುಡುಗರ ಹಳೇ ಪುಸ್ತಕ ಅಂತ ತಿಳಕೊಂಡು ರದ್ದಿಗೆ ಹಾಕಿದ್ವಲ್ರಿ," ಅಂದ. ಅವನ ಮೇಲೆ ಸಿಟ್ಟು ಮಾಡುವುದು ಹೇಗೆ? ಕವರಿನೊಳಗೆ ಏನಿದೆ ಎಂದು ಓದುಬರಹ ಕಲಿತ ನಾವೇ ತೆರೆದು ನೋಡಿರಲಿಲ್ಲ.

ಈಗ ನಾನೂ ಒಬ್ಬ ಅಕ್ಕಾರು. ವರ್ಷದ ಮೊದಲ ಪಾಠದ ದಿನ ಮೆಟ್ಟಿಲ ಸಂಸಾರಗಳ ಕಥೆ ಹೇಳುತ್ತೇನೆ, ದರ್ಜಿ ಹೆಂಗಸಿನದು, ಟ್ಯಾಕ್ಸಿಯ ಮಾಸ್ತರದು, ಅತ್ತಿಗೆ ನಾದಿನಿಯರದು. ಮೊನ್ನೆ ಅತ್ತು ಮುಖ ರಾಡಿ ಮಾಡಿಕೊಂಡು ಮೂಲೆಯಲ್ಲಿ ಕುಳಿತಿದ್ದ ಅಣ್ಣನ ಮಗಳನ್ನು ಕರೆದು, ಬೈದದ್ದು ತಪ್ಪಾಯಿತೆಂದು ಹೇಳಿ, ಅವಳಿಗೂ ಹೇಳಿದೆ. ಬೆರಳು ಮಡಚಿ ಎಣಿಸಿ, ಆರು ಅಂದಿದ್ದಿಯಲ್ಲ ಅತ್ತಿ, ಉಳಿದ ಎರಡು ಯಾವುವು ಎಂದು ಕೇಳಿದಳು.

ಗೊತ್ತಿಲ್ಲ. ಅವರು ಅವೆರಡನ್ನು ಹೇಳುವಾಗ ನಾನು ಫೇಡೆ ತಿನ್ನುತ್ತಿದ್ದೆ.