ಚಿಗವ್ವನ ಹಿಮ್ಮಡಿ ಕಾಣುವಷ್ಟು ಬೆಳಕು

ಹೊತ್ತು ಮುಳುಗಿದ ಮೇಲೆ ಕರಿ ಬಟ್ಟೆ ಹೊಲಿಯಬೇಡ ಎಂದು ನನಗೆ ಕಸುಬು ಕಲಿಸಿದ ಸೋದರಮಾವ ಹೇಳುತ್ತಿದ್ದ. ಬಿಳಿ ಬಟ್ಟೆ ಬೆಳಕನ್ನು ತಿರುಗಿ ಕೊಡುತ್ತದೆ, ಕರಿ ಬಟ್ಟೆ ತಾನೇ ಇಟ್ಟುಕೊಂಡುಬಿಡುತ್ತದೆ. ಸೂಜಿ ಎಲ್ಲಿ, ಬೆರಳು ಎಲ್ಲಿ ಎಂದು ತಿಳಿಯುವುದಿಲ್ಲ. ಸವದತ್ತಿಯ ಬಟ್ಟೆ ಅಂಗಡಿಯೊಂದರ ಕಟ್ಟೆಯ ಮೇಲೆ ಅರ್ಧ ಆಯುಷ್ಯ ಜಂಪರ್ ಹೊಲಿದಿದ್ದೇನೆ. ಇಷ್ಟು ಗೊತ್ತಿದ್ದೂ ಸೈಕಲ್ಲಿಗೆ ಲೈಟು ಕೊಳ್ಳುವಾಗ ಅದನ್ನು ಮರೆತೆ.

ಸಂಜೆ ಏಳರ ಸುಮಾರಿಗೆ ಮಷಿನ್ನಿಗೆ ಅರಿವೆ ಹೊದಿಸಿ ನನ್ನೂರು ಉಗರಗೋಳಕ್ಕೆ ಹೊರಡುತ್ತೇನೆ. ಡಾಂಬರು ರಸ್ತೆಯಲ್ಲಿ ದೇವಿಯ ಗುಡ್ಡಕ್ಕೆ ಹೋಗಿಬರುವ ಗಾಡಿಗಳ ಬೆಳಕು ದಣಿದ ಕಣ್ಣಿಗೆ ಚುಚ್ಚುತ್ತದೆಂದು ಎರೆಹೊಲಗಳ ನಡುವಿನ ಹಾದಿ ಹಿಡಿಯುತ್ತೇನೆ. ಹಾದಿ ಕಾಲಿಗೇ ಗೊತ್ತು ಎಂಬ ಸೊಕ್ಕಿನಲ್ಲಿ ಎಷ್ಟೋ ವರ್ಷ ಲೈಟೇ ಇಲ್ಲದೆ ಓಡಾಡಿದೆ.

ಹೋದ ಚಳಿಗಾಲದಲ್ಲಿ, ಅಮಾವಾಸ್ಯೆಯ ಆಸುಪಾಸಿನ ಒಂದು ಸಂಜೆ, ಚಿಗವ್ವನಿಗೆ ಸೈಕಲ್ ಹಾಯಿಸಿಬಿಟ್ಟೆ. ಸ್ವಂತ ಚಿಗವ್ವ ಅಲ್ಲ, ಓಣಿಯವರೆಲ್ಲ ಅವಳನ್ನು ಹಾಗೇ ಕರೆಯುವುದು. ಸವದತ್ತಿಯ ಖಾನಾವಳಿಯೊಂದರಲ್ಲಿ ಭಾಂಡೆ ತಿಕ್ಕಿ, ಅದೇ ಹಾದಿಯಲ್ಲಿ ನಡೆದು ಮನೆಗೆ ಬರುತ್ತಾಳೆ. ಉಟ್ಟದ್ದು ಕರಿ ಸೀರೆ, ಮಣ್ಣು ಕರಿ, ಮೇಲೆ ಆಕಾಶವೂ ಕರಿ. ಗಾಲಿ ಬಡಿದು ಬಲಗೈ ಊರಿ ಬಿದ್ದಳು.

"ಯವ್ವಾ! ಯಾವನ ಅಂವಾ? ಎಮ್ಮಿ ಅಂತ ತಿಳದಿ ಏನ?"

"ನಾನ ಬೇ ಚಿಗವ್ವಾ. ಕಾಣಲಿಲ್ಲ ಬೇ."

"ಜಂಪರಿನ ಗುಂಡಿ ಕಾಣತೈತಿ, ಇಷ್ಟ ದೊಡ್ಡ ಹೆಣಮಗಳು ಕಾಣೂದಿಲ್ಲ?"

ಮಣಿಕಟ್ಟು ಬಾತಿತು. ಎಂಟು ದಿನ ಅರಿಷಿಣದ ಪಟ್ಟು ಹಾಕಿಕೊಂಡು ಎಡಗೈಯಲ್ಲೇ ತಿಕ್ಕಿದಳು. ಆ ಕೈ ಹೋದರೆ ಖಾನಾವಳಿಯಲ್ಲಿ ಅವಳನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದಿನಾ ಅದೇ ಹಾದಿ, ಅದೇ ಹೊತ್ತು, ಅವಳು ಮುಂದೆ, ನಾನು ಹಿಂದೆ. ಇನ್ನೊಮ್ಮೆ ಬಡಿದರೆ ಎಂಬ ಹೆದರಿಕೆ ಮನೆ ಮುಟ್ಟಿದರೂ ಬಿಡುತ್ತಿರಲಿಲ್ಲ. ಕ್ಯಾರಿಯರ್ ಮೇಲೆ ಕೂತುಬಿಡು ಎಂದರೆ, "ಆ ತಗ್ಗಿನ್ಯಾಗ ನಡಾ ಮುರಕೊಳ್ಳಾಕ ನಾ ಒಲ್ಲೆಪಾ" ಎಂದಳು. ಸೆರಗಿನ ಬೆನ್ನಿಗೆ ಒಂದು ಬಿಳಿ ಪಟ್ಟಿ ಹೊಲಿದುಕೊಡಲೇ ಎಂದು ಕೇಳಿದೆ.

"ನಾ ಏನ ಮೈಲಗಲ್ಲ ಏನೋ, ಸುಣ್ಣಾ ಬಡ್ಯಾಕ?"

ಹಾಗಾಗಿ ಲೈಟು ಕೊಳ್ಳುವುದೇ ಉಳಿಯಿತು. ಸೈಕಲ್ ಅಂಗಡಿಯವನು ಹಗಲಲ್ಲಿ ಷಟರ್ ಅರ್ಧ ಇಳಿಸಿ, ಒಳಗೆ ಕತ್ತಲು ಮಾಡಿ, ಒಂದೊಂದೇ ಲೈಟನ್ನು ಸುಣ್ಣದ ಗೋಡೆಗೆ ಹಿಡಿದ. ಹೆಬ್ಬೆರಳಿನಷ್ಟು ಸಣ್ಣ ಲೈಟೊಂದು ಗೋಡೆಯ ಮೇಲೆ ಹುಣ್ಣಿಮೆ ಮಾಡಿತು.

"ಇದು ಸಾಕಾಗತೈತೇನ್ರಿ?"

"ಮಾಸ್ತರ, ಗ್ವಾಡಿ ಮ್ಯಾಲಿನ ಇರುವಿ ಎಣಸಬಹುದು ನೋಡ್ರಿ."

ಅವನ ಮಾತು ಸುಳ್ಳಲ್ಲ. ಆದರೆ ನಮ್ಮ ಹಾದಿ ಸುಣ್ಣದ ಗೋಡೆಯಲ್ಲವಲ್ಲ. ಆ ಸಂಜೆ ಎರೆಮಣ್ಣು ಅಷ್ಟೂ ಬೆಳಕನ್ನು ಕುಡಿದು ಬಾಯಿ ಒರೆಸಿಕೊಂಡಿತು. ಮುಂದಿನ ಗಾಲಿಯ ಆಚೆ ಏನೂ ಇಲ್ಲ. ಮಾವನ ಕರಿ ಬಟ್ಟೆ ಆಗ ನೆನಪಾಯಿತು. ಇಳಿದು, ಮನೆಯವರೆಗೂ ಸೈಕಲ್ ನೂಕಿಕೊಂಡು ಹೋದೆ.

ಮರುದಿನ ಅದನ್ನು ತಿರುಗಿ ಕೊಟ್ಟು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು ತಂದೆ. "ಇದನ್ನ ಹಚ್ಚಿದ್ರ ಗುಡ್ಡದ ಮ್ಯಾಲಿನ ಮಂದಿ ನಸಿಕಾತು ಅಂತ ಎದ್ದ ಕುಂಡರತಾರ" ಎಂದು ನಕ್ಕ ಅಂಗಡಿಯವನು. ಹಾಗೇ ಇತ್ತು. ದೂರದ ಜೋಳದ ದಂಟುಗಳೂ ಬೆಳ್ಳಗೆ ನಿಂತವು. ಬಹಳ ದಿನದ ಮೇಲೆ ಹಗುರಾಗಿ ಪೆಡಲ್ ತುಳಿದೆ. ಮುಂದೆ ಹೋಗುತ್ತಿದ್ದ ಚಿಗವ್ವ ಗಂಟೆಯ ಸದ್ದಿಗೆ ತಿರುಗಿ ನೋಡಿದಳು. ಬೆಳಕೆಲ್ಲ ಮುಖಕ್ಕೆ ಬಿತ್ತು. ಹಿಂದೆ ಸರಿಯಲು ಹೋಗಿ, ಕಾಲು ಜಾರಿ, ಬದುವಿಗೆ ಕುಸಿದು ಕೂತಳು.

"ಆರಸೋ ಅದನ್ನ! ಮೊದಲ ನಿನಗ ನಾ ಕಾಣತಿದ್ದಿಲ್ಲ. ಈಗ ನನಗ ನೆಲಾನ ಕಾಣವಲ್ದು!"

ಓಡಿಹೋಗಿ ನೋಡಿದೆ. ಈ ಸಲ ಬಲಗೈ ಊರಿರಲಿಲ್ಲ. ಸೆರಗಿನೊಳಗೆ ಕೂಸನ್ನು ಹಿಡಿದಂತೆ ಎದೆಗೆ ಒತ್ತಿ ಹಿಡಿದಿದ್ದಳು.

ಲೈಟು ಆರಿಸಿ ನಾನೂ ಪಕ್ಕದಲ್ಲಿ ಕೂತೆ. ಇಬ್ಬರಿಗೂ ಏಳುವ ಮನಸ್ಸಿಲ್ಲ. ನನಗೆ ಬೆನ್ನು, ಅವಳಿಗೆ ಸೊಂಟ. ದಿನವೆಲ್ಲ ಬಗ್ಗಿಯೇ ದುಡಿಯುವ ಮಂದಿ ನಾವು.

"ಇದಕ್ಕಿಂತ ದೊಡ್ಡದು ಇಲ್ಲ ಬೇ ಅವನ ಕಡೆ."

"ದೊಡ್ಡದು ಯಾಕ ಬೇಕೋ? ಮನ್ಯಾಗ ದೀಪಾ ಹಿಡಕೊಂಡು ಬಂದ್ರ ಮಂದಿ ಮಾರಿಗೆ ಹಿಡೀತಾರೇನ? ಕಾಲಾಗ ಬಿಡು."

ತಾನೇ ಎದ್ದು, ಬೆನ್ನು ಮಾಡಿ ನಡೆಯತೊಡಗಿದಳು. ನಾನು ಲೈಟು ಮತ್ತೆ ಹಚ್ಚಿ, ಬೆಳಕು ತಗ್ಗಿಸಿ, ಕತ್ತರಿಯ ತುದಿಯಿಂದ ಸ್ಕ್ರೂ ಸಡಿಲಿಸಿ, ಅದನ್ನು ಕೆಳಗೆ ಬಗ್ಗಿಸುತ್ತ ಹೋದೆ. ಸೀರೆ ಕಾಣಲಿಲ್ಲ. ಬೆನ್ನು ಕಾಣಲಿಲ್ಲ. ಇನ್ನಷ್ಟು ಬಗ್ಗಿಸಿದಾಗ ಹತ್ತು ಹೆಜ್ಜೆ ಆಚೆ ಎರಡು ಬಿಳಿಯ ತುಣುಕುಗಳು ಏಳುತ್ತ ಬೀಳುತ್ತ ಹೋಗುತ್ತಿದ್ದವು. ಸೋಪಿನ ನೀರಿನಲ್ಲಿ ನಿಂತು ನಿಂತು ಒಡೆದು ಬೆಳ್ಳಗಾದ ಅವಳ ಹಿಮ್ಮಡಿಗಳು.

"ಕಂಡವು ಬೇ!"

"ಏನ ಕಂಡವೋ?"

"ನಿನ್ನ ಹಿಮ್ಮಡಾ."

"ಅವು ಕಂಡ್ರ ಮ್ಯಾಲ ನಾ ಇರತೇನಿ ಅಂತ ತಿಳಕೋ."

ಸ್ಕ್ರೂ ಬಿಗಿದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಲ್ಲಿ ಒಂದು ಗೆರೆ ಎಳೆದೆ. ಹಾದಿಯ ತಗ್ಗಿಗೆ ಲೈಟು ಅಲುಗಾಡುತ್ತದೆ. ದಿನಾ ಗೆರೆ ನೋಡಿ ಸರಿಮಾಡಿಯೇ ಹತ್ತುತ್ತೇನೆ. ಬೆಳಕು ಹತ್ತು ಹೆಜ್ಜೆಗಿಂತ ಮುಂದೆ ಹೋಗುವುದಿಲ್ಲ, ಆದ್ದರಿಂದ ಸೈಕಲ್ಲೂ ಜೋರು ಹೋಗುವಂತಿಲ್ಲ. ಮನೆ ಮುಟ್ಟುವುದು ಮೊದಲಿಗಿಂತ ತಡ.

ಈ ವರ್ಷ ಖಾನಾವಳಿಯವರು ಅವಳಿಗೆ ಹಿಮ್ಮಡಿ ಮುಚ್ಚುವ ಕರಿ ಬೂಟು ಕೊಡಿಸಿದರು. ಹೊಲದ ಹಾದಿ ಬಂತೆಂದರೆ ಅವನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲಿ ನಡೆಯುವುದನ್ನು ಕಂಡು ಬೈದೆ.

"ಮುಳ್ಳ ಅದಾವ ಬೇ, ಹಾಕ್ಕೋ."

"ಹಾಕ್ಕೊಂಡ್ರ ನೀ ಮತ್ತ ಹಾಯತಿ."

ಬೂಟು ಇಸಿದುಕೊಂಡು, ಹಿಂಭಾಗಕ್ಕೆ ಬಿಳಿ ಲೈನಿಂಗ್ ಬಟ್ಟೆಯ ತುಂಡು ಹೊಲಿದುಕೊಟ್ಟೆ. ಈ ಸಲ ಬೇಡ ಅನ್ನಲಿಲ್ಲ. "ಬೂಟು ಮೈಲಗಲ್ಲಾದ್ರ ಆಗಲಿ" ಎಂದಳು. ಆದರೆ ಎರೆಮಣ್ಣಿಗೆ ವಾರದೊಳಗೆ ಅವೂ ಕರ್ರಗಾಗುತ್ತವೆ. ತಿಕ್ಕಿ ತೊಳೆದುಕೊಂಡು ಬಾ ಎಂದರೆ, "ಹಗಲೆಲ್ಲಾ ತಿಕ್ಕೂದು ಸಾಲದೇನೋ?" ಅನ್ನುತ್ತಾಳೆ. ಅದೂ ನಿಜವೇ. ವಾರಕ್ಕೊಮ್ಮೆ, ಹೊತ್ತು ಮುಳುಗಿದ ಮೇಲೆ, ನಾನೇ ಹಳೆಯ ತುಂಡು ಬಿಚ್ಚಿ ಹೊಸದು ಹೊಲಿಯುತ್ತೇನೆ. ಬಿಳಿ ಬಟ್ಟೆ, ಆ ಹೊತ್ತಿಗೂ ಕಾಣುತ್ತದೆ.