ವರ್ನೀಟಾ ಮಿಸ್ಸಿನ ಎರಡು ನಾಲಿಗೆ

ಪಶ್ಚಿಮ ಬಾಲ್ಟಿಮೋರಿನ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಬಡ ಕರಿಯರ ಮಕ್ಕಳನ್ನು ಆಸ್ಪತ್ರೆ ಕೆಲಸಕ್ಕೆ ತಯಾರು ಮಾಡುವ ವರ್ನೀಟಾ ಮಿಸ್ ಯಾರೇ ಎದುರಾದರೂ ಮೊದಲು "ತೋಳು ಚಾಚು" ಅನ್ನುತ್ತಾರೆ. ನಮ್ಮ ಬೀದಿಯಲ್ಲಿ ಅವರ ಮಕ್ಕಳ ಕೈಯಲ್ಲಿ ಬಿ.ಪಿ. ನೋಡಿಸಿಕೊಳ್ಳದೆ ಉಳಿದಿರುವುದು ದೀಪದ ಕಂಬ ಒಂದೇ. "ಕಾಗದಕ್ಕೆ ಪುಸ್ತಕದ ಮಾತು, ಮಂಚದ ಹತ್ರ ಅಜ್ಜಿ ಮಾತು" ಎಂಬುದು ಅವರ ಮಂತ್ರ. ನನ್ನ ಮಗಳು ಕಿಯೋನಾ 'ಮಧುಮೇಹ' ಎನ್ನುವ ಕಡೆ ಮನೆಯಲ್ಲಿ ಅನ್ನುವ ಹಾಗೆ 'ಶುಗರ್' ಎಂದು ಬರೆದದ್ದಕ್ಕೆ ಅವರು ಸೊನ್ನೆ ಹಾಕಿದಾಗ, ನಾನು ಓಡಿಸುವ ಬಸ್ಸನ್ನು ಡಿಪೋದಲ್ಲಿ ಬಿಟ್ಟು ನೇರ ಜಗಳಕ್ಕೇ ಹೋದೆ. "ಕೂಗಾಡ್ಬೇಡ, ತೋಳು ಚಾಚು. ನೂರೆಂಬತ್ತು! ಕೂತ್ಕೊ. ಕಾಗದ ಓದೋ ಡಾಕ್ಟ್ರಿಗೆ ಶುಗರ್ ಅಂದ್ರೆ ಕಾಫಿಗೆ ಹಾಕೋದು ಕಣಯ್ಯಾ" ಅಂದರು. ಆಮೇಲೆ ದನಿ ತಗ್ಗಿಸಿದರು: "ಆಸ್ಪತ್ರೇಲಿ ನಮ್ಮಮ್ಮನ್ನ ಮಧುಮೇಹ ಇದೆಯಾ ಅಂತ ಕೇಳಿದ್ರು. ಇಲ್ಲ ಅಂದ್ಲು. ಗ್ಲೂಕೋಸ್ ಏರಿಸಿದ್ರು, ಹೋಗ್ಬಿಟ್ಲು. ಶುಗರ್ ಇದೆಯಾ ಅಂತ ಕೇಳೋಕೆ ಅಲ್ಲಿ ನಮ್ಮೋರು ಒಬ್ರೂ ಇರ್ಲಿಲ್ಲ. ನಾನಿದ್ದೆ, ಅದೇ ಆಸ್ಪತ್ರೆ ಕೆಳಗಡೆ ಹಾಸಿಗೆ ಬಟ್ಟೆ ಒಗೀತಾ." ನಿನ್ನೆ ಕಿಯೋನಾಳ ಕಡೆಯ ಪರೀಕ್ಷೆ. ಫೇಲಾದರೆ ಆಸ್ಪತ್ರೆಯ ಕೆಲಸ ಕೈತಪ್ಪಿದ ಹಾಗೆ. ರೋಗಿಯಾಗಿ ಮಲಗಿದ್ದ ಮುದುಕ ಮಧುಮೇಹ ಇಲ್ಲವೇ ಇಲ್ಲವೆಂದ. "ತಾತಾ, ಶುಗರ್ ಏನಾದ್ರೂ ಇದೆಯಾ?" ಅಂದಳಂತೆ. "ಅಯ್ಯೋ, ಅದಾ? ಇಪ್ಪತ್ತು ವರ್ಷದಿಂದ ಇದೆಯಲ್ಲ ಮಗಾ!" ಅವಳು 'ಮಧುಮೇಹ' ಎಂದು ಬರೆದು ಪಾಸಾದಳು. ಸುದ್ದಿ ಕೇಳಿ, ಎಂದೂ ಕೂರದ ವರ್ನೀಟಾ ಮಿಸ್ ಚರ್ಚಿನ ಮೆಟ್ಟಿಲ ಮೇಲೆ ಕೂತು, ಶೂ ಕಳಚಿ, ಊದಿದ ಪಾದ ನೀವಿಕೊಂಡು ಕಿಯೋನಾಗೆ ಹೇಳಿದರು: "ಸೋಮವಾರ ಕೆಲಸಕ್ಕೆ ಬೇಗ ಹೋಗು ಕಂದಾ. ವಯಸ್ಸಾದೋರು ಬೆಳಕು ಹರಿಯೋ ಮುಂಚೇನೇ ಎದ್ದು ಕಾಯ್ತಿರ್ತಾರೆ."