ಸಾಹುಕಾರರ ಎದುರಿನ ಕುರ್ಚಿ

ಓದುಗರಿಗೆಲ್ಲ ನಮಸ್ಕಾರ. ಮದುವೆಯಾದ ಮೇಲೆ ಅಕ್ಷರ ಕಲಿತವನು ನಾನು. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಳ್ಳಕೆರೆ–ಮೊಳಕಾಲ್ಮುರು ದಾರಿಯ ಖಾಸಗಿ ಬಸ್ಸೊಂದರ ಡ್ರೈವರ್. ಬೆಳಿಗ್ಗೆ ಸ್ಟೇರಿಂಗ್ ಹಿಡಿದವನು ಸಂಜೆ ಇಳಿಯುವಷ್ಟರಲ್ಲಿ, ಮುಂದಿನವನು ಬಂದಿಲ್ಲ ಎಂದು ಅವನ ಪಾಳಿಯನ್ನೂ ನಮ್ಮ ಮೇಲೆ ಹೊರಿಸುತ್ತಿದ್ದರು. ನಾವದನ್ನು ಡಬಲ್ ಎನ್ನುತ್ತಿದ್ದೆವು. ನಡುದಾರಿಯ ತಳಕು ಊರು ದಾಟುವಾಗ ಎರಡು ಸಲ ನನ್ನ ಕಣ್ಣು ಮುಚ್ಚಿಹೋಗಿತ್ತು, ಹಿಂದೆ ಬಸ್ಸಿನ ತುಂಬ ಜನ. ಡಬಲ್ ನಿಲ್ಲುವ ತನಕ ಬಸ್ ಎತ್ತುವುದಿಲ್ಲ ಎಂದು ಎಲ್ಲ ಡ್ರೈವರುಗಳೂ ಶೆಡ್ಡಿನಲ್ಲಿ ಕೂತೆವು. ಮಾತಿಗೆ ಒಬ್ಬನನ್ನು ಕಳಿಸಿ ಎಂದರು ಬಸ್ಸುಗಳ ಮಾಲೀಕರಾದ ಸಾಹುಕಾರರು. ಓದಲು ಬರುತ್ತದೆಂದು ನನ್ನನ್ನೇ ನೂಕಿದರು.

ಆ ಆಫೀಸಿನಲ್ಲಿ ಡ್ರೈವರು ಚಪ್ಪಲಿ ಹೊರಗೆ ಬಿಟ್ಟು, ನಿಂತೇ ಮಾತಾಡುವುದು ರೂಢಿ. ಅಂದು ಸಾಹುಕಾರರು ಒಪ್ಪಂದದ ಕಾಗದ ಮುಂದಿಟ್ಟು, "ಕೂತ್ಕೊಂಡು ಓದಪ್ಪ" ಎಂದರು. ಬೆರಳಿಟ್ಟು ಅಕ್ಷರ ಕೂಡಿಸುವವನಿಗೆ ಮೇಜು ಬೇಕೇ ಬೇಕು. ಕೂತೆ. ಟೀ ಬಂತು, ಕುಡಿದೆ. ಒಂದೂವರೆ ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಕಡೆಗೆ, ಅಗತ್ಯ ಬಿದ್ದಾಗ ಎರಡನೇ ಪಾಳಿ ಮಾಡತಕ್ಕದ್ದು ಎಂಬ ಸಾಲು ಸಿಕ್ಕಿತು.

"ಇದನ್ನ ತೆಗೀರಿ ಸಾಹುಕಾರ್ರೇ."

"ಅಂದ್ರೆ ನನ್ ಮೇಲೆ ನಂಬ್ಕೆ ಇಲ್ಲ. ಯಾರಪ್ಪ ನಿಂಗೆ ಹೇಳ್ಕೊಟ್ಟೋರು?"

ಸಹಿ ಹಾಕದೆ ಹೊರಗೆ ಬಂದೆ. ನಾನು ಕೂತು ಟೀ ಕುಡಿದದ್ದನ್ನು ತೆರೆದ ಬಾಗಿಲಿನಿಂದ ಎಲ್ಲರೂ ನೋಡಿದ್ದರು.

"ಏನ್ಲೇ, ಕುರ್ಚಿ ಮೆತ್ತಗಿತ್ತಾ?" ಎಂದ ನನ್ನ ಜೋಡಿ ಡ್ರೈವರು.

"ಡಬಲ್ ಹಂಗೇ ಐತೆ ಕಣ್ರೋ. ನಾನು ಸಹಿ ಹಾಕಿಲ್ಲ."

"ಅಷ್ಟಕ್ಕೆ ಅರ್ಧ ಗಂಟೆ ಬೇಕಾ? ಟೀಗೆ ಸಕ್ರೆ ಸರಿಯಾಗಿತ್ತೇನು?"

ನನಗೆ ಓದುವುದು ನಿಧಾನ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ದಿನಾ ಶೆಡ್ಡಿನಲ್ಲಿ ಎಲ್ಲರಿಗೂ ಪೇಪರ್ ಓದಿ ಹೇಳುವವನು ನಾನು. ಮನೆಯಲ್ಲಿ ಹಿಂದಿನ ದಿನದ ಪೇಪರನ್ನೇ ನಾಲ್ಕು ಸಲ ಓದಿಕೊಂಡು ಬರುತ್ತಿದ್ದೆ ಎಂಬುದು ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಮಾರನೇ ದಿನ ನನ್ನ ಬದಲು, ಮೊಳಕಾಲ್ಮುರು ಕಡೆಯ ಹಿರೀ ಡ್ರೈವರನ್ನು ಕಳಿಸಿದರು. ಅವರದು ಹೆಬ್ಬೆಟ್ಟು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಎರಡೇ ನಿಮಿಷದಲ್ಲಿ ಬೆರಳಿನ ಮಸಿಯನ್ನು ತಲೆಗೆ ಒರೆಸಿಕೊಳ್ಳುತ್ತ ಬಂದರು.

"ಪದಂಡ್ರಾ, ನಡೀರಿ, ಬಸ್ ಎತ್ತಾನ. ಡಬಲ್ ಇಲ್ವಂತೆ."

"ಮಾವ, ಆ ಸಾಲು ತೆಗೆದವ್ರಾ?" ಎಂದೆ.

"ಬಾಯಾಗೆ ಹೇಳ್ಯಾರೆ ಬಿಡೋ."

"ಒಂದ್ಸಲ ನೋಡ್ಕೊಂಡು ಬರ್ತೀನಿ."

"ಹೋಗಪ್ಪ, ನಿನ್ ಕುರ್ಚಿ ಕಾಯ್ತೈತೆ," ಎಂದ ಜೋಡಿ ಡ್ರೈವರು. ಎಲ್ಲರೂ ನಕ್ಕರು. ನಾನು ಹೋಗಲಿಲ್ಲ.

ಬಸ್ ಎತ್ತಿದ ನಾಲ್ಕನೇ ದಿನ ಡಬಲ್ ಬಂತು, ಮೊದಲು ನನಗೇ. "ಅಗತ್ಯ ಬಿದ್ದೈತಪ್ಪ. ಓದಿದ್ಯಲ್ಲ," ಎಂದರು ಸಾಹುಕಾರರು. ಶೆಡ್ಡಿನ ಕಡೆ ನೋಡಿದೆ. ಯಾರೂ ಏಳಲಿಲ್ಲ. ಹತ್ತಿ ಕೂತು ಬಾಗಿಲು ಎಳೆದುಕೊಂಡೆ. ತಳಕು ದಾಟುವ ತನಕ ಕೆನ್ನೆ ಚಿವುಟಿಕೊಳ್ಳುತ್ತಲೇ ಓಡಿಸಿದೆ.

ಎರಡೂ ಕಡೆಯವರಿಗೆ ಹೀಗೆ ಬೇಡವಾದವರು ನಿಮ್ಮಲ್ಲೂ ಇದ್ದರೆ ನನಗೆ ಬರೆಯಿರಿ. ಎಷ್ಟು ಉದ್ದವಾದರೂ ಇರಲಿ, ನಿಧಾನವಾಗಿ ಪೂರ್ತಿ ಓದುತ್ತೇನೆ.